ಹವಳದ ಬಣ್ಣ ಏನು ಹೇಳುತ್ತದೆ? – ಮಹಾಗಾಂವದ ತರಗತಿಗೆ ಕಡಲ ಅಕ್ವೇರಿಯಂನ ಒಂದು ಪಾಠ

ಪೀಠಿಕೆ

10ನೇ ತರಗತಿಯ ವಿಜ್ಞಾನ ಪಠ್ಯದ ‘ನಮ್ಮ ಪರಿಸರ’ ಘಟಕದಲ್ಲಿ ಅಕ್ವೇರಿಯಂ ರಚಿಸುವ ಚಟುವಟಿಕೆ ಇದೆ. ಮೀನಿಗೆ ಜಾಗ, ನೀರು, ಆಮ್ಲಜನಕ, ಆಹಾರ ಬೇಕು ಎಂದು ಪಟ್ಟಿ ಮಾಡಿಸಿ, ಕೆರೆಯನ್ನು ತೊಳೆಯದಿದ್ದರೂ ಅಕ್ವೇರಿಯಂ ಅನ್ನು ಏಕೆ ತೊಳೆಯಬೇಕು ಎಂದು ಕೇಳಿದರೆ ಚಟುವಟಿಕೆ ಮುಗಿಯುತ್ತದೆ. ಸಾಮಾನ್ಯವಾಗಿ ನಾವು ಇದನ್ನು ಹತ್ತು ನಿಮಿಷದಲ್ಲಿ ಮುಗಿಸಿ ಆಹಾರ ಸರಪಳಿಗೆ ಹೋಗುತ್ತೇವೆ. ಅದೇ ಚಟುವಟಿಕೆಯನ್ನು ಮೀನಿನ ಬದಲು ಹವಳವನ್ನು ಇಟ್ಟುಕೊಂಡು ವಿಸ್ತರಿಸಿದರೆ ಸಹಜೀವನ, ದ್ಯುತಿಸಂಶ್ಲೇಷಣೆ, ಕಾರ್ಬನೇಟ್‌ಗಳ ರಸಾಯನಶಾಸ್ತ್ರ, ಸಾಂದ್ರತೆಯ ಲೆಕ್ಕ, ವನ್ಯಜೀವಿ ಕಾನೂನು ಇವೆಲ್ಲವೂ ಒಂದೇ ಗಾಜಿನ ತೊಟ್ಟಿಯಲ್ಲಿ ಸೇರುತ್ತವೆ. ಅಭ್ಯಾಸ ಬೋಧನೆಯಲ್ಲಿ ಮಹಾಗಾಂವದ ಪ್ರೌಢಶಾಲಾ ತರಗತಿಗಾಗಿ ಸಿದ್ಧಪಡಿಸಿ, ತಲಾ 40 ನಿಮಿಷದ ಎರಡು ಅವಧಿಗಳಲ್ಲಿ ಬೋಧಿಸಿದ ಪಾಠದ ವಿವರ ಇಲ್ಲಿದೆ.

ಸಹಪಾಠಿಗಳು ಕೇಳಿದ ಮೊದಲ ಪ್ರಶ್ನೆ, “ಸಮುದ್ರವೇ ಕಾಣದ ಊರಿನ ಮಕ್ಕಳಿಗೆ ಹವಳ ಏಕೆ?” ಎಂಬುದು. ಪ್ರಶ್ನೆ ನ್ಯಾಯವಾದದ್ದು. ನಮ್ಮ ಜಿಲ್ಲೆಯಲ್ಲಿ ತೊಗರಿ ಇದೆ, ಸುಣ್ಣದಕಲ್ಲು ಇದೆ, ಬಿಸಿಲು ಇದೆ, ಕಡಲು ಇಲ್ಲ. ಆದರೆ ಹವಳವನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಮೂರು ಮುಖ್ಯ ಸಂಗತಿಗಳು ಇವೇ: ಬೇರಿನ ಗಂಟಿನಲ್ಲಿರುವಂಥ ಸಹಜೀವನ, ಕ್ಯಾಲ್ಸಿಯಂ ಕಾರ್ಬನೇಟ್ ಮತ್ತು ಶಾಖ. ಪಾಠವನ್ನು ಈ ಮೂರರ ಮೇಲೆಯೇ ಕಟ್ಟಲಾಗಿದೆ.

ಕಲಿಕಾಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು –
1. ಹವಳ ಒಂದು ಪ್ರಾಣಿ ಎಂಬುದನ್ನು ಕಾರಣ ಸಹಿತ ಹೇಳುವನು/ಳು.
2. ಹವಳ ಮತ್ತು ಶೈವಲದ ಸಹಜೀವನವನ್ನು ತೊಗರಿ ಬೇರಿನ ಗಂಟಿನೊಂದಿಗೆ ಹೋಲಿಸಿ, ವ್ಯತ್ಯಾಸವನ್ನೂ ಗುರುತಿಸುವನು/ಳು.
3. ತೊಟ್ಟಿಯ ನೀರಿನ ಉಷ್ಣತೆ, ಉಪ್ಪು, ಕ್ಯಾಲ್ಸಿಯಂ ಬದಲಾದರೆ ಏನಾಗುತ್ತದೆ ಎಂದು ಊಹಿಸಿ ಲೆಕ್ಕ ಮಾಡುವನು/ಳು.
4. ಬಣ್ಣವೊಂದನ್ನೇ ನೋಡಿ ಆರೋಗ್ಯ ನಿರ್ಧರಿಸಬಾರದು ಎಂಬುದನ್ನು ಉದಾಹರಣೆಯೊಂದಿಗೆ ವಿವರಿಸುವನು/ಳು.

ಬೋಧನೋಪಕರಣಗಳು: ಬೇರುಸಹಿತ ಕಿತ್ತ ತೊಗರಿ ಗಿಡ, ಸುಣ್ಣದ ತಿಳಿನೀರು, ಸ್ಟ್ರಾ, ಶಹಾಬಾದ ಕಲ್ಲಿನ ಚೂರು, ಮೊಟ್ಟೆಯ ಸಿಪ್ಪೆ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಬಿಳಿ ಬಟ್ಟಲು, ಪಾರದರ್ಶಕ ಪ್ಲಾಸ್ಟಿಕ್ ಚೀಲ, ಹಾಲು ಹಾಕದ ಚಹಾ.

ಪೂರ್ವಜ್ಞಾನದಿಂದ ಆರಂಭ

“ಹವಳ ಎಂದರೇನು?” ಎಂದು ಕೇಳಿದರೆ ಉತ್ತರ ಆಭರಣದಿಂದಲೇ ಬರುತ್ತದೆ. “ಕೆಂಪು ಕಲ್ಲ ಅದರಿ ಮೇಡಂ, ನಮ್ಮವ್ವನ ಸರದಾಗ ಅದ” ಎಂದು ಒಬ್ಬ ಹುಡುಗಿ ಹೇಳಿದಳು. ಈ ಉತ್ತರವನ್ನು ತಪ್ಪೆಂದು ತಳ್ಳಬಾರದು. ಪಾಠಕ್ಕೆ ಅದೇ ಬಾಗಿಲು. ಆಭರಣದ ಕೆಂಪು ಹವಳವೂ ಪ್ರಾಣಿಯ ಅಸ್ಥಿಪಂಜರವೇ. ಆದರೆ ಅದು ಬೆಳಕು ಕಡಿಮೆ ಇರುವ ಜಾಗದಲ್ಲಿ ಬೆಳೆಯುವ ಬೇರೆ ಗುಂಪು. ಅದರ ಕೆಂಪು ಅಸ್ಥಿಪಂಜರದ ಒಳಗೇ ಇರುವುದರಿಂದ ಪ್ರಾಣಿ ಸತ್ತರೂ ಬಣ್ಣ ಉಳಿಯುತ್ತದೆ. ಬಿಸಿಲು ಬೀಳುವ ತಿಳಿನೀರಿನಲ್ಲಿ ದಿಬ್ಬ ಕಟ್ಟುವ ಹವಳದ ಅಸ್ಥಿಪಂಜರವಾದರೋ ಅಚ್ಚ ಬಿಳಿ. ಅದರ ಬಣ್ಣವೆಲ್ಲ ಜೀವಂತ ಅಂಗಾಂಶದಲ್ಲಿರುತ್ತದೆ. ಈ ವ್ಯತ್ಯಾಸವನ್ನು ಆರಂಭದಲ್ಲೇ ಹಲಗೆಯ ಮೇಲೆ ಬರೆದಿಟ್ಟರೆ ಮುಂದಿನ ಗೊಂದಲ ತಪ್ಪುತ್ತದೆ. ಮನೆಯ ಹವಳದ ಮಣಿಯ ಮೇಲೆ ನಿಂಬೆರಸ ಹಾಕಿ ಪರೀಕ್ಷಿಸಬಾರದು ಎಂದೂ ಹೇಳಿಬಿಡಬೇಕು. ಆಮ್ಲದಿಂದ ಮಣಿ ಹಾಳಾಗುತ್ತದೆ.

ಹವಳದ ಒಂದು ಘಟಕಕ್ಕೆ ಪಾಲಿಪ್ ಎಂದು ಹೆಸರು. ಮೆತ್ತನೆಯ ಚೀಲದಂಥ ದೇಹ, ಮೇಲೆ ಒಂದೇ ಬಾಯಿ, ಸುತ್ತ ಕರಬಳ್ಳಿಗಳು, ಅವುಗಳಲ್ಲಿ ಕುಟುಕು ಕಣಗಳು. ಹೈಡ್ರಾ ಮತ್ತು ಜೆಲ್ಲಿಮೀನಿನ ಬಳಗವಿದು. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಸುರಿಸುತ್ತಾ ಬೆಳೆಯುತ್ತವೆ.

ಚಟುವಟಿಕೆ 1: ತೊಗರಿ ಬೇರಿನಿಂದ ಹವಳಕ್ಕೆ

ಮುಂಗಾರಿನ ತೊಗರಿ ಹೊಲದಲ್ಲಿರುವಾಗ ಈ ಪಾಠ ಮಾಡಿದರೆ ಅನುಕೂಲ. ಗಿಡವನ್ನು ಸಲಿಕೆಯಿಂದ ಮಣ್ಣುಸಹಿತ ಎತ್ತಿ, ನೀರಿನಲ್ಲಿ ನೆನೆಸಿ ತೊಳೆದರೆ ಗಂಟುಗಳು ಉದುರುವುದಿಲ್ಲ. ಕೆಲಸ ಮಾಡುತ್ತಿರುವ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಕಲಬುರಗಿಯ ಮಕ್ಕಳಿಗೆ ಇದು ಪುಸ್ತಕದ ಮಾತಲ್ಲ, ಮನೆಯ ಹೊಲದ ಮಾತು.

ಹವಳದ ಅಂಗಾಂಶದ ಜೀವಕೋಶಗಳ ಒಳಗೆ ಝೂಕ್ಸಾಂಥೆಲೆ ಎಂಬ ಏಕಕೋಶ ಶೈವಲ ವಾಸಿಸುತ್ತದೆ. ಅದು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಸಕ್ಕರೆಯ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಅನೇಕ ಹವಳಗಳಿಗೆ ಬೇಕಾದ ಶಕ್ತಿಯ ಶೇ. 90ರವರೆಗೂ ಇದರಿಂದಲೇ ಬರಬಹುದು. ಪ್ರತಿಯಾಗಿ ಹವಳ ಇರಲು ಜಾಗ, ಕಾರ್ಬನ್ ಡೈಆಕ್ಸೈಡ್ ಮತ್ತು ತನ್ನ ತ್ಯಾಜ್ಯದ ಸಾರಜನಕವನ್ನು ಕೊಡುತ್ತದೆ.

ಇಲ್ಲಿ ಮಕ್ಕಳನ್ನೇ ಹೋಲಿಕೆ ಮಾಡಲು ಬಿಡಬೇಕು. ಎರಡು ಕಂಬಸಾಲು ಬರೆದು “ಯಾರು ಏನು ಕೊಡುತ್ತಾರೆ?” ಎಂದು ತುಂಬಿಸಿದಾಗ ಒಂದು ಸ್ವಾರಸ್ಯ ಹೊರಬರುತ್ತದೆ. ತೊಗರಿಯಲ್ಲಿ ಆಶ್ರಯ ಕೊಟ್ಟ ಗಿಡ ಸಕ್ಕರೆ ಕೊಟ್ಟು ಸಾರಜನಕ ಪಡೆಯುತ್ತದೆ. ಹವಳದಲ್ಲಿ ಆಶ್ರಯ ಕೊಟ್ಟ ಪ್ರಾಣಿ ಸಾರಜನಕ ಕೊಟ್ಟು ಸಕ್ಕರೆ ಪಡೆಯುತ್ತದೆ. ಕೊಡುಕೊಳ್ಳುವಿಕೆ ಪೂರ್ತಿ ತಿರುವುಮುರುವು! ಹೋಲಿಕೆ ಕಲಿಸುವಾಗ ಅದು ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಕಲಿಸಬೇಕು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಚಟುವಟಿಕೆ 2: ಬಣ್ಣ ಎಲ್ಲಿ ಹೋಯಿತು?

ಬಿಳಿ ಬಟ್ಟಲನ್ನು ಬೋರಲು ಇಡಿ. ಇದು ಅಸ್ಥಿಪಂಜರ. ಅದರ ಮೇಲೆ ಹಾಲಿಲ್ಲದ ಚಹಾ ತುಂಬಿದ ಪಾರದರ್ಶಕ ಚೀಲ ಇಡಿ. ಚೀಲ ಪಾಲಿಪ್‌ನ ಅಂಗಾಂಶ, ಚಹಾ ಶೈವಲ. ಬಟ್ಟಲು ಕಂದು ಬಣ್ಣದ್ದಾಗಿ ಕಾಣುತ್ತದೆ. ಈಗ ಚಹಾ ಸುರಿದು ಬರೀ ನೀರು ತುಂಬಿ ಮತ್ತೆ ಇಡಿ. ಬಟ್ಟಲು ಬಿಳಿ. “ಬಿಳಿ ಬಣ್ಣ ಎಲ್ಲಿಂದ ಬಂತು?” ಎಂದು ಕೇಳಿ. “ಬಂದಿಲ್ರಿ, ಮೊದಲೇ ಇತ್ತು. ಚಹಾ ಹೋತು ಅಷ್ಟೇ” ಎಂಬ ಉತ್ತರ ಬಂದರೆ ಬಿಳಿಚುವಿಕೆಯ ಪರಿಕಲ್ಪನೆ ಅರ್ಧ ತಿಳಿದಂತೆ.

ನೀರು ಅತಿಯಾಗಿ ಬಿಸಿಯಾದಾಗ ಶೈವಲದ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ಕೆಟ್ಟು, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಸಂಯುಕ್ತಗಳು ಹುಟ್ಟುತ್ತವೆ. ಆಗ ಹವಳ ತನ್ನ ಶೈವಲವನ್ನು ಕಳೆದುಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತಿದೆ ಎಂದಲ್ಲ. ಅದು ಉಪವಾಸ ಬಿದ್ದಿದೆ. ನೀರು ಬೇಗ ತಂಪಾದರೆ ಶೈವಲ ಮರಳಿ ತುಂಬಿಕೊಂಡು ಹವಳ ಚೇತರಿಸಿಕೊಳ್ಳಬಹುದು. ಬಿಸಿ ಮುಂದುವರಿದರೆ ಸಾಯುತ್ತದೆ.

ಎಷ್ಟು ಬಿಸಿ? ಆ ಜಾಗದ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು. ಮೇ ತಿಂಗಳಲ್ಲಿ 42–43 ಡಿಗ್ರಿ ಕಾಣುವ ನಮ್ಮ ಮಕ್ಕಳಿಗೆ “ಒಂದೇ ಡಿಗ್ರಿ?” ಎಂದು ನಗು ಬರುವುದು ಸಹಜ. ಗಾಳಿ ಹಗಲು ರಾತ್ರಿಗೆ ಎಷ್ಟೋ ಡಿಗ್ರಿ ಏರಿಳಿಯುತ್ತದೆ, ಕಡಲು ಹಾಗಲ್ಲ. ನಮ್ಮ ಮೈಯ ಉಷ್ಣತೆ ಎರಡು ಡಿಗ್ರಿ ಏರಿದರೆ ಜ್ವರ ಎನ್ನುತ್ತೇವಲ್ಲ, ಹಾಗೆ ಎಂದು ಹೇಳಿದರೆ ನಗು ನಿಲ್ಲುತ್ತದೆ.

ತೊಟ್ಟಿಯೊಳಗಿನ ಕಡಲು

ಹವಳವನ್ನು ಗಾಜಿನ ತೊಟ್ಟಿಯಲ್ಲಿ ಬಣ್ಣಗೆಡದಂತೆ ಉಳಿಸಲು ಅನುಭವಿಗಳು ಕಾಯ್ದುಕೊಳ್ಳುವ ಅಳತೆಗಳನ್ನು ಪಟ್ಟಿಯಾಗಿ ಕೊಡಬಹುದು:

ಉಷ್ಣತೆ: 24–27 ಡಿಗ್ರಿ ಸೆಲ್ಸಿಯಸ್
ಉಪ್ಪು: ಒಂದು ಕಿಲೋ ನೀರಿಗೆ ಸುಮಾರು 35 ಗ್ರಾಂ
ಪಿಎಚ್: 8.0–8.4
ಕ್ಯಾಲ್ಸಿಯಂ: ಲೀಟರಿಗೆ 400–450 ಮಿ.ಗ್ರಾಂ
ಮೆಗ್ನೀಸಿಯಂ: ಲೀಟರಿಗೆ 1250–1350 ಮಿ.ಗ್ರಾಂ
ನೈಟ್ರೇಟ್: ಲೀಟರಿಗೆ ಕೆಲವೇ ಮಿ.ಗ್ರಾಂ, ಸೊನ್ನೆಯೂ ಆಗಬಾರದು
ಬೆಳಕು: ದಿನಕ್ಕೆ 8–10 ಗಂಟೆ, ನೀಲಿಯ ಪಾಲು ಹೆಚ್ಚು

ಪಟ್ಟಿ ಬಾಯಿಪಾಠಕ್ಕಲ್ಲ. ಪ್ರತಿ ಸಾಲಿಗೂ “ಏಕೆ?” ಎಂದು ಗುಂಪುಗಳಿಗೆ ಹಂಚಿ ಚರ್ಚೆ ಮಾಡಿಸಬೇಕು. ನೀಲಿ ಏಕೆ? ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಹವಳದ ಶೈವಲ ಆ ಬೆಳಕಿಗೆ ಹೊಂದಿಕೊಂಡಿದೆ. ನೀರು ಸದಾ ಚಲಿಸುತ್ತಿರಬೇಕು, ಏಕೆ? ಕದಲದ ಪ್ರಾಣಿಗೆ ಆಮ್ಲಜನಕ, ಆಹಾರ ತಂದುಕೊಡುವುದೂ ಕಸ ಒಯ್ಯುವುದೂ ಅಲೆಯೇ. ಹಾಗಾದರೆ ಕರೆಂಟ್ ಹೋದರೆ? ಮೋಟರ್ ನಿಂತು ಆಮ್ಲಜನಕ ಇಳಿಯುತ್ತದೆ. ಬೋರ್‌ವೆಲ್ ನೀರು ಏಕೆ ಬೇಡ? ಅದರಲ್ಲಿ ಏನೇನು ಲವಣ ಎಷ್ಟೆಷ್ಟು ಕರಗಿದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಡೆಯುವ ಆರ್‌ಓ ವಿಧಾನದಿಂದಲೇ ಅವನ್ನು ತೆಗೆದು, ಬೇಕಾದ ಲವಣ ಮಾತ್ರ ಬೆರೆಸುತ್ತಾರೆ.

ಹೊಸ ತೊಟ್ಟಿಗೆ ಮೊದಲ ದಿನವೇ ಹವಳ ಬಿಡುವುದಿಲ್ಲ. ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್‌ಗೆ, ಅಲ್ಲಿಂದ ನೈಟ್ರೇಟ್‌ಗೆ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು ಮರಳಿನ ಮೇಲೆ ನೆಲೆಯೂರಲು ಹಲವು ವಾರ ಬೇಕು. ಸಾರಜನಕ ಚಕ್ರವನ್ನು ಬಾಣಗಳ ಚಿತ್ರವಾಗಿ ಮಾತ್ರ ನೋಡಿದ ಮಕ್ಕಳಿಗೆ, ಆ ಚಕ್ರ ಓಡದಿದ್ದರೆ ಜೀವ ಹೋಗುತ್ತದೆ ಎಂಬುದು ಇಲ್ಲಿ ಮನದಟ್ಟಾಗುತ್ತದೆ. ಕೆರೆ ಮತ್ತು ಅಕ್ವೇರಿಯಂ ಬಗ್ಗೆ ಪಠ್ಯ ಕೇಳಿದ ಪ್ರಶ್ನೆಗೂ ಉತ್ತರ ಇದರಲ್ಲಿದೆ: ಕೆರೆಯಲ್ಲಿ ವಿಘಟಕಗಳೂ ಜಾಗವೂ ಸಾಕಷ್ಟಿವೆ, ತೊಟ್ಟಿಯಲ್ಲಿ ಇಲ್ಲ.

ಲೆಕ್ಕ 1: ಬಿಸಿಲು, ಫ್ಯಾನು, ಉಪ್ಪು

ತೊಟ್ಟಿಯ ಮೇಲೆ ಫ್ಯಾನ್ ಹಾಕಿದರೆ ಮಣ್ಣಿನ ಕೊಡದಂತೆ ನೀರು ಆವಿಯಾಗಿ ತಂಪಾಗುತ್ತದೆ. 100 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 35 ಗ್ರಾಂನಂತೆ 3500 ಗ್ರಾಂ ಉಪ್ಪು ಇದೆ ಎನ್ನೋಣ. 5 ಲೀಟರ್ ಆವಿಯಾದರೆ? ಉಪ್ಪು ಹೋಗುವುದಿಲ್ಲ. 3500 ಭಾಗಿಸು 95, ಅಂದರೆ ಲೀಟರಿಗೆ ಸುಮಾರು 36.8 ಗ್ರಾಂ. ಈಗ ಪ್ರಶ್ನೆ: “ಕಡಿಮೆಯಾದಷ್ಟನ್ನು ಉಪ್ಪು ನೀರಿನಿಂದ ತುಂಬಬೇಕೋ, ಸಿಹಿ ನೀರಿನಿಂದಲೋ?” ತರಗತಿಯಲ್ಲಿ ಹೆಚ್ಚಿನವರು ಮೊದಲು “ಉಪ್ಪು ನೀರು” ಎಂದರು, ಲೆಕ್ಕ ಮಾಡಿದ ಮೇಲೆ ತಾವೇ ತಿದ್ದಿಕೊಂಡರು. ಈ ಒಂದು ಪ್ರಶ್ನೆಗೆ ಐದು ನಿಮಿಷ ಕೊಡುವುದು ವ್ಯರ್ಥವಲ್ಲ.

ಚಟುವಟಿಕೆ 3: ಸುಣ್ಣದ ತಿಳಿ

ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಬಸಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ದ್ರಾವಣ ಸಿದ್ಧ. ಸ್ಟ್ರಾದಿಂದ ಮೆಲ್ಲಗೆ ಊದಿದರೆ ಹಾಲಿನಂತಾಗುತ್ತದೆ:

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಕಾರ್ಬನೇಟ್ + ನೀರು

ಊದುತ್ತಲೇ ಹೋದರೆ ಬಿಳುಪು ಮಾಯವಾಗಿ ಮತ್ತೆ ತಿಳಿಯಾಗುತ್ತದೆ:

ಕ್ಯಾಲ್ಸಿಯಂ ಕಾರ್ಬನೇಟ್ + ನೀರು + ಕಾರ್ಬನ್ ಡೈಆಕ್ಸೈಡ್ → ಕ್ಯಾಲ್ಸಿಯಂ ಬೈಕಾರ್ಬನೇಟ್

‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕದಲ್ಲಿ ಇವೆರಡೂ ಇವೆ. ಹವಳ ಮಾಡುವುದು ಎರಡನೆಯದರ ಹಿಮ್ಮುಖ ಕ್ರಿಯೆ: ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟ್‌ನಿಂದ ಕಲ್ಲು ಕಟ್ಟುತ್ತದೆ. ತೊಟ್ಟಿಯಲ್ಲಿ ಇವೆರಡೂ ದಿನೇ ದಿನೇ ಖರ್ಚಾಗುವುದರಿಂದ ಮರುಪೂರಣ ಬೇಕು. ಅದಕ್ಕೆ ಜಗತ್ತಿನಾದ್ಯಂತ ಬಳಸುವ ಹಳೆಯ ವಿಧಾನಗಳಲ್ಲಿ ಒಂದರ ಹೆಸರು ‘ಕಾಲ್ಕ್‌ವಾಸರ್’. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಸುಣ್ಣದ ನೀರು! ಅದೇ ತಿಳಿಯನ್ನು ಹನಿ ಹನಿಯಾಗಿ ತೊಟ್ಟಿಗೆ ಬಿಡುತ್ತಾರೆ. ಹನಿಯಾಗಿಯೇ ಏಕೆ ಎಂದರೆ ಪರ್ಯಾಪ್ತ ದ್ರಾವಣದ ಪಿಎಚ್ 12ಕ್ಕಿಂತ ಹೆಚ್ಚು. ಇದೇ ಕಾರಣಕ್ಕೆ ಊದುವಾಗ ಮಕ್ಕಳು ದ್ರಾವಣವನ್ನು ಹೀರದಂತೆ, ಕಣ್ಣಿಗೆ ಸಿಡಿಯದಂತೆ ಶಿಕ್ಷಕರು ಪಕ್ಕದಲ್ಲೇ ನಿಲ್ಲಬೇಕು.

ಲೆಕ್ಕ 2: 100 ಲೀಟರ್ ತೊಟ್ಟಿಯಲ್ಲಿ ಕ್ಯಾಲ್ಸಿಯಂ 430ರಿಂದ 420 ಮಿ.ಗ್ರಾಂಗೆ ಇಳಿಯಿತು. ಖರ್ಚಾದದ್ದು 1000 ಮಿ.ಗ್ರಾಂ, ಅಂದರೆ 1 ಗ್ರಾಂ. ಕ್ಯಾಲ್ಸಿಯಂ 40, ಕ್ಯಾಲ್ಸಿಯಂ ಕಾರ್ಬನೇಟ್ 100 ಎಂದು ಹಿಡಿದರೆ ಹವಳ ಕಟ್ಟಿದ ಕಲ್ಲು 2.5 ಗ್ರಾಂ.

ನಂತರ ಮೊಟ್ಟೆಯ ಸಿಪ್ಪೆ ಮತ್ತು ಶಹಾಬಾದ ಕಲ್ಲಿನ ಚೂರಿನ ಮೇಲೆ ದುರ್ಬಲ ಆಮ್ಲದ ಹನಿ ಹಾಕಿದರೆ ಎರಡೂ ನೊರೆಗರೆಯುತ್ತವೆ. ಇಲ್ಲಿ ಎಚ್ಚರ ಬೇಕು. “ಹಂಗಾದ್ರ ಶಹಾಬಾದ ಕಲ್ಲು ಹವಳದಿಂದ ಆಗ್ಯಾದೇನ್ರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ. ಭೀಮಾ ಜಲಾನಯನದ ಈ ಸುಣ್ಣದಕಲ್ಲು 54 ಕೋಟಿ ವರ್ಷಕ್ಕಿಂತ ಹಳೆಯದು, ಆಗ ಹವಳಗಳೇ ಇರಲಿಲ್ಲ. ವಸ್ತು ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಅಲ್ಲ.

ಬಣ್ಣವನ್ನು ಓದುವ ಬಗೆ

ಪಾಠದ ತಿರುಳು ಇಲ್ಲಿದೆ. ಕಂದು ಬಣ್ಣ ಶೈವಲದ್ದು. ಹಸಿರು, ಗುಲಾಬಿ, ನೇರಳೆ ಬಣ್ಣಗಳನ್ನು ಹೆಚ್ಚಾಗಿ ಹವಳವೇ ತಯಾರಿಸಿದ ಪ್ರೋಟೀನ್‌ಗಳು ಕೊಡುತ್ತವೆ. ಅವುಗಳಲ್ಲಿ ಕೆಲವು ನೀಲಿ ಬೆಳಕನ್ನು ಹೀರಿ ಹಸಿರು ಹೊಳಪು ಸೂಸುತ್ತವೆ. ಈ ಎರಡು ಮೂಲಗಳನ್ನು ತಿಳಿದರೆ ತೊಟ್ಟಿಯಲ್ಲಿ ಕಾಣುವ ನಾಲ್ಕು ಸ್ಥಿತಿಗಳನ್ನು ವಿವರಿಸಬಹುದು.

ಒಂದು, ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಾದರೆ ಶೈವಲ ಹೆಚ್ಚಿ ಹವಳ ಮಂಕು ಕಂದಾಗುತ್ತದೆ. ಎರಡು, ಪೋಷಕಾಂಶ ಸೊನ್ನೆಗೆ ಇಳಿದರೆ ಶೈವಲ ಕಡಿಮೆಯಾಗಿ ಹವಳ ತೆಳುಬಣ್ಣಕ್ಕೆ ಬರುತ್ತದೆ. ನೋಡಲು ಚಂದ, ಒಳಗೆ ಹಸಿವು. ಮೂರು, ಬಿಸಿಯಿಂದ ಪೂರ್ತಿ ಬಿಳಿ. ನಾಲ್ಕನೆಯದು ಅಚ್ಚರಿಯದು: ಬಿಸಿ ತಾಗಿದ ಕೆಲವು ಹವಳಗಳು ಬಿಳಿಯಾಗುವ ಬದಲು ಕಣ್ಣು ಕುಕ್ಕುವ ಬಣ್ಣ ತಳೆಯುತ್ತವೆ. ಶೈವಲ ಹೋದಾಗ ಬಿಳಿ ಅಸ್ಥಿಪಂಜರಕ್ಕೆ ಬಡಿದ ಬೆಳಕು ಅಂಗಾಂಶದಲ್ಲಿ ಹೆಚ್ಚಾಗುತ್ತದೆ. ಅದಕ್ಕೆ ಕೊಡೆ ಹಿಡಿದಂತೆ ಹವಳ ವರ್ಣಪ್ರೋಟೀನ್ ಹೆಚ್ಚಿಸುತ್ತದೆ. ಅಂದರೆ ಅತಿ ಸುಂದರವಾಗಿ ಕಾಣುವ ಹವಳ ಅತಿ ಕಷ್ಟದಲ್ಲಿರಬಹುದು. ಗಿಡದ ಎಲೆ ಹಳದಿಯಾದರೆ ರೈತ ತಕ್ಷಣ ಗೊಬ್ಬರ ಸುರಿಯದೆ ನೀರು ನಿಂತಿದೆಯೇ, ರೋಗವೇ ಎಂದು ನೋಡುವಂತೆ, ಇಲ್ಲೂ ಲಕ್ಷಣದಿಂದ ಕಾರಣಕ್ಕೆ ಹೋಗಲು ಅಳತೆ ಬೇಕು.

“ಮನ್ಯಾಗ ಸಾಕಬಹುದೇನ್ರಿ?”

ಇಷ್ಟು ಕೇಳಿದ ಮಕ್ಕಳು ಇದನ್ನು ಕೇಳದೆ ಇರುವುದಿಲ್ಲ. ಉತ್ತರ ಸ್ಪಷ್ಟವಾಗಿರಬೇಕು. ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ರ ಒಂದನೇ ಅನುಸೂಚಿಯಲ್ಲಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳು ಸೇರಿವೆ. ಹುಲಿ ಇರುವ ಅನುಸೂಚಿಯೇ ಇದು. ಸಮುದ್ರದಿಂದ ಇವನ್ನು ಕೀಳುವುದು, ಮಾರುವುದು ಅಪರಾಧ. ಮೂರರಿಂದ ಏಳು ವರ್ಷ ಸೆರೆವಾಸ ಆಗಬಹುದು. ಪ್ರವಾಸಕ್ಕೆ ಹೋದಾಗ ದಂಡೆಯ ಅಂಗಡಿಯಲ್ಲಿ ಹವಳದ ತುಂಡು ನೆನಪಿಗೆಂದು ಕೊಳ್ಳಬಾರದು ಎಂಬುದನ್ನೂ ಇದೇ ಜಾಗದಲ್ಲಿ ಹೇಳಬೇಕು. ಆದ್ದರಿಂದ ನಮ್ಮ ತರಗತಿಯ ತೊಟ್ಟಿ ಕಾಗದದ ಮೇಲಿನ ತೊಟ್ಟಿ. ಅದನ್ನು ಕೊಳ್ಳಲು ಅಲ್ಲ, ಯೋಚಿಸಲು ಕಟ್ಟುತ್ತೇವೆ.

ಜೀವಂತ ಹವಳ ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ನೀರಿನಡಿ ಅದನ್ನು ಕಾಣಬಹುದು. ದೇಶದ ದೊಡ್ಡ ಹವಳದ ದಿಬ್ಬಗಳು ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿಗಳಲ್ಲಿವೆ. 1998ರಲ್ಲಿ ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಸಿ ನೀರಿನಿಂದ ದೊಡ್ಡ ಪ್ರಮಾಣದಲ್ಲಿ ಬಿಳಿಚಿದವು. ಅಲ್ಲಿ ತೊಟ್ಟಿಯಂತೆ ಫ್ಯಾನ್ ಹಾಕಲು ಬರುವುದಿಲ್ಲ.

ನಮ್ಮ ಜಿಲ್ಲೆ ಮತ್ತು ಆ ಕಡಲು

ಕೊನೆಯ ಹತ್ತು ನಿಮಿಷ ಸುಣ್ಣದಕಲ್ಲಿಗೆ ಮರಳಬೇಕು. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುವ ಮೂಲ ಕ್ರಿಯೆ ಪಠ್ಯದಲ್ಲಿರುವ ವಿಭಜನ ಕ್ರಿಯೆಯೇ: ಕ್ಯಾಲ್ಸಿಯಂ ಕಾರ್ಬನೇಟ್ ಕಾದರೆ ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್. 100 ಗ್ರಾಂ ಕಲ್ಲಿನಿಂದ 44 ಗ್ರಾಂ ಅನಿಲ. ಸುಡುವ ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತಿನ ಇಂಥ ಎಲ್ಲ ಮೂಲಗಳಿಂದ ಬಂದ ಅನಿಲದ ಒಂದು ಪಾಲು ಭೂಮಿಯನ್ನು ಬಿಸಿ ಮಾಡುತ್ತದೆ, ಒಂದು ಪಾಲು ಕಡಲಿನಲ್ಲಿ ಕರಗಿ ಅದರ ಪಿಎಚ್ ಇಳಿಸುತ್ತದೆ. ಕಡಲು ಆಮ್ಲವಾಗಿಬಿಟ್ಟಿದೆ ಎಂದು ಹೇಳಬಾರದು. ಸುಮಾರು 8.2 ಇದ್ದ ಪಿಎಚ್ ಈಗ 8.1ರ ಆಸುಪಾಸಿಗೆ ಬಂದಿದೆ. ಅಷ್ಟರಿಂದಲೇ ಹವಳಕ್ಕೆ ಕಲ್ಲು ಕಟ್ಟುವುದು ಕಷ್ಟವಾಗುತ್ತಿದೆ. ಅತಿಯಾಗಿ ಊದಿದಾಗ ಬಿಳುಪು ಕರಗಿದ್ದನ್ನು ಮಕ್ಕಳು ಆಗಲೇ ನೋಡಿದ್ದಾರೆ.

ಈ ಭಾಗವನ್ನು ಬೋಧಿಸುವಾಗ ಮಾತು ಹದವಾಗಿರಬೇಕು. ಕಾರ್ಖಾನೆಯಲ್ಲೋ ಕಲ್ಲಿನ ಖಣಿಯಲ್ಲೋ ದುಡಿಯುವವರ ಮಕ್ಕಳು ಎದುರಿಗೇ ಕುಳಿತಿರಬಹುದು. ಶಾಲೆಯ ಗೋಡೆಯೂ ಅದೇ ಸಿಮೆಂಟಿನದು. ಯಾರನ್ನೂ ದೂರುವುದು ಪಾಠದ ಉದ್ದೇಶವಲ್ಲ. ಸಮುದ್ರ ಕಾಣದ ಊರಿಗೂ ಸಮುದ್ರಕ್ಕೂ ನಡುವೆ ಒಂದು ರಾಸಾಯನಿಕ ಸಮೀಕರಣದಷ್ಟೇ ಅಂತರ ಎಂಬುದು ತಿಳಿದರೆ ಸಾಕು. “ಹವಳ ಏಕೆ?” ಎಂಬ ಸಹಪಾಠಿಗಳ ಪ್ರಶ್ನೆಗೆ ನನ್ನ ಉತ್ತರವೂ ಇದೇ.

ಮೌಲ್ಯಮಾಪನ

1. ತೊಟ್ಟಿಯ ಹವಳ ಕಂದಾಗಿದೆ. ಮೊದಲು ಯಾವ ಎರಡು ಅಳತೆ ನೋಡುವಿರಿ? ಏಕೆ?
2. ತೊಗರಿ–ರೈಜೋಬಿಯಂ ಮತ್ತು ಹವಳ–ಶೈವಲ ಸಂಬಂಧದ ಒಂದು ಸಾಮ್ಯ, ಒಂದು ಭೇದ ಬರೆಯಿರಿ.
3. 200 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದೆ. 8 ಲೀಟರ್ ಆವಿಯಾದರೆ ಉಪ್ಪಿನ ಸಾಂದ್ರತೆ ಎಷ್ಟು?
4. “ಬಿಳಿಚಿದ ಹವಳ ಸತ್ತ ಹವಳ.” ಒಪ್ಪುವಿರಾ?
5. ಕೆಂಪು ಹವಳದ ಮಣಿ ವರ್ಷಗಟ್ಟಲೆ ಬಣ್ಣ ಕಳೆದುಕೊಳ್ಳುವುದಿಲ್ಲ, ದಿಬ್ಬದ ಹವಳ ಕಳೆದುಕೊಳ್ಳುತ್ತದೆ. ಕಾರಣವೇನು?

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮೊದಲ ಅವಧಿಗೆ ತೊಗರಿ ಬೇರು, ಬಟ್ಟಲಿನ ಮಾದರಿ, ಉಪ್ಪಿನ ಲೆಕ್ಕ ಇಟ್ಟುಕೊಳ್ಳಿ. ಎರಡನೆಯದಕ್ಕೆ ಸುಣ್ಣದ ತಿಳಿ, ಬಣ್ಣದ ಓದು, ಕಾನೂನು, ಜಿಲ್ಲೆಯ ಚರ್ಚೆ. ಹವಳದ ಬಣ್ಣಬಣ್ಣದ ಚಿತ್ರವನ್ನು ಆರಂಭದಲ್ಲೇ ತೋರಿಸಬೇಡಿ. ಚಿತ್ರ ಕಂಡ ಕೂಡಲೇ ಮಕ್ಕಳು ಅಂದ ನೋಡುತ್ತಾರೆ, ಕಾರಣ ಕೇಳುವುದಿಲ್ಲ. ನಾಲ್ಕು ಸ್ಥಿತಿಗಳನ್ನು ಚರ್ಚಿಸಿದ ಮೇಲೆ ಚಿತ್ರ ತೋರಿಸಿ “ಇದು ಯಾವ ಸ್ಥಿತಿ?” ಎಂದು ಕೇಳಿದರೆ, ಅದೇ ಚಿತ್ರ ಮೌಲ್ಯಮಾಪನದ ಸಾಧನವಾಗುತ್ತದೆ. ಗುಂಪುಗಳು ಬೇರೆ ಬೇರೆ ಉತ್ತರ ಕೊಟ್ಟರೆ ಬೇಗ ತೀರ್ಪು ಕೊಡಬೇಡಿ. “ಖಾತ್ರಿ ಮಾಡಿಕೊಳ್ಳಲು ಇನ್ನೇನು ಅಳೆಯಬೇಕು?” ಎಂದು ಅವರನ್ನೇ ಕೇಳಿ.